ಚಿಲಕವಿಲ್ಲದ ಬಚ್ಚಲಿನ ಹಾಡು

ನನ್ನ ಮೇಜಿನ ಮೇಲೆ ಒಂದು ನೀಲಿ ಡಬ್ಬಿ ಕೂತಿದೆ. ಗುಂಡಗಿದೆ, ಅಂಗೈಯಲ್ಲಿ ಹಿಡಿಸುತ್ತದೆ, ಹಿಂಭಾಗದಲ್ಲಿ ರಬ್ಬರಿನ ಬಟ್ಟಲಿದೆ. ಬಚ್ಚಲಿನ ಟೈಲ್ಸಿಗೆ ಒತ್ತಿದರೆ ಹಲ್ಲಿಯ ಹಾಗೆ ಕಚ್ಚಿಕೊಳ್ಳುತ್ತದೆ. ಫೋನಿನಲ್ಲಿ ಹಾಡು ಹಾಕಿದರೆ ಇದರಲ್ಲಿ ಕೇಳುತ್ತದೆ. ಮೇಲೆ ನೀರು ಬಿದ್ದರೂ ಕೆಡುವುದಿಲ್ಲವಂತೆ. ಕೊಟ್ಟವಳು ದಿವ್ಯಾ, ಪೀಣ್ಯದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಹುಡುಗಿ. ನನಗೆ ನಿದ್ದೆ ಬರುವುದಿಲ್ಲ, ಬಿ.ಪಿ. ಏರಿದೆ, ಡಾಕ್ಟರು ಮಾತ್ರೆಯ ಜೊತೆಗೆ ‘ಮನಸ್ಸು ಹಗುರ ಮಾಡಿಕೊಳ್ಳಿ’ ಎಂದೂ ಹೇಳಿ ಕಳಿಸಿದ್ದಾರೆ ಎಂದು ಊಟದ ಹೊತ್ತಿನಲ್ಲಿ ಅವಳ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

“ಅಕ್ಕಾ, ಸಂಜೆ ಹೋಗಿ ಬಿಸಿನೀರಲ್ಲಿ ಸ್ನಾನ ಮಾಡಿ. ಜೊತೆಗೆ ರಿಲ್ಯಾಕ್ಸಿಂಗ್ ಮ್ಯೂಸಿಕ್ ಹಾಕ್ಕೊಳ್ಳಿ. ಸಕ್ಕತ್ತಾಗಿರುತ್ತೆ. ನಾನು ಕಳಿಸ್ತೀನಿ, ನಿಮಗೆ ಯಾವುದು ಸೆಟ್ ಆಗುತ್ತೋ ಸೆಲೆಕ್ಟ್ ಮಾಡ್ಕೊಳ್ಳಿ,” ಎಂದಳು.

ಕಳಿಸಿದಳು. ಕೊಳಲಿತ್ತು, ಪಿಯಾನೋ ಇತ್ತು, ಯಾವುದೋ ಬೆಟ್ಟದ ಮೇಲಿನ ಮಠದ ಗಂಟೆಯಿತ್ತು. ಕಾಡಿನಲ್ಲಿ ಮಳೆ ಸುರಿಯುವ ಸದ್ದು, ಜಲಪಾತದ ಸದ್ದು ಎಂದು ನೀರಿನವೇ ನಾಲ್ಕಾರು ಇದ್ದವು. ಸ್ವಾಮಿ, ನಮ್ಮ ಬೀದಿಗೆ ನಲ್ಲಿನೀರು ಬರುವುದು ವಾರಕ್ಕೆರಡು ಸಲ, ಅದೂ ಅದರ ಮನಸ್ಸು ಬಂದರೆ. ಒಂದೂವರೆ ಬಕೆಟ್ ಟ್ಯಾಂಕರ್ ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ಮುಗಿಸಬೇಕಾದವಳಿಗೆ ಜಲಪಾತ ಕೇಳಿಸುವುದೆಂದರೆ ಉಪವಾಸವಿರುವವರ ಮುಂದೆ ಒಗ್ಗರಣೆ ಹಾಕಿದ ಹಾಗೆ. ಇನ್ನೊಂದರಲ್ಲಿ ತಿಮಿಂಗಿಲ ಕೂಗುತ್ತಿತ್ತು. ಭಾಷೆ ಬಾರದಿದ್ದರೂ ಅದಕ್ಕೆ ಏನೋ ಸಂಕಟವಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ. ಅದರ ಸಂಕಟ ಕೇಳುತ್ತಾ ನಾನು ಬೆನ್ನಿಗೆ ಸೋಪು ಹಚ್ಚಿಕೊಳ್ಳಬೇಕಂತೆ.

ದಿವ್ಯಾಳನ್ನು ಹಾಸ್ಯ ಮಾಡುತ್ತಿಲ್ಲ. ಒಳ್ಳೆಯ ಹುಡುಗಿ, ನನ್ನ ಮುಖ ನೋಡಿ ಮರುಗಿದವಳು. ನಮ್ಮ ಮನೆಯ ಬಚ್ಚಲಿನಲ್ಲಿ ಯಾವ ಯಂತ್ರವೂ ಹಾಡುವಂತಿಲ್ಲ ಎಂಬುದು ಅವಳಿಗೇನು ಗೊತ್ತು. ಅದರ ಕಾರಣ ನಿಮಗೆ ಹೇಳಬೇಕಾದರೆ ಮೊದಲು ರಾಜಗೋಪಾಲನಗರದ ನಂಜಮ್ಮನ ವಠಾರಕ್ಕೆ ಕರೆದುಕೊಂಡು ಹೋಗಬೇಕು. ದೂರವಿಲ್ಲ, ನಾನು ಕೂತಿರುವಲ್ಲಿಂದ ಎರಡು ತಿರುವು. ವಠಾರವೊಂದು ಈಗ ಅಲ್ಲಿಲ್ಲ, ಅಷ್ಟೇ.

ನಂಜಮ್ಮನವರು ಆ ಊರಿನ ಮೂಲದವರು. ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಕಾರ್ಖಾನೆಗಳು ಎದ್ದ ಮೇಲೆ, ಉಳಿದ ತುಂಡು ಜಾಗದಲ್ಲಿ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿ ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆ ಬಿಟ್ಟಿದ್ದರು. ಅಷ್ಟೂ ಮನೆಗಳಿಗೆ ಅಂಗಳದ ಕೊನೆಯಲ್ಲಿ ಒಂದೇ ಬಚ್ಚಲು. ಆ ಬಚ್ಚಲಿನ ಬಾಗಿಲಿಗೆ ಚಿಲಕವಿರಲಿಲ್ಲ. ಮುರಿದುಹೋಗಿತ್ತು ಎಂದುಕೊಳ್ಳಬೇಡಿ, ನಂಜಮ್ಮನವರೇ ನಿಂತು ಕೀಳಿಸಿದ್ದರು. ಅವರ ಅತ್ತೆ ಹಿಂದೊಮ್ಮೆ ಅದೇ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಸ್ನಾನ ಮಾಡುವಾಗ ಜಾರಿ ಬಿದ್ದಿದ್ದರಂತೆ.

“ಬಾಗ್ಲು ಒಡೆಯೋ ಒತ್ಗೆ ಎಲ್ಲಾ ಮುಗ್ದೋಗಿತ್ತು,” ಎನ್ನುತ್ತಿದ್ದರು ಹೊಸದಾಗಿ ಬಾಡಿಗೆಗೆ ಬಂದವರಿಗೆಲ್ಲ. “ನನ್ ಮನೇಲಿ ಚಿಲಕ ಇಲ್ಲ. ದೇವ್ರು ಬಾಯಿ ಕೊಟ್ಟವ್ನಲ್ಲ, ಒಳಗೋದೋರು ಪದ ಯೋಳಿ. ಪದ ಕೇಳ್ತಿದ್ರೆ ಯಾರೂ ಬಾಗ್ಲು ತಳ್ಳಾಕಿಲ್ಲ. ನಿಂತೋದ್ರೆ ನಾವ್ ಬತ್ತೀವಿ.”

ಹೀಗೆ ನಮ್ಮ ವಠಾರದಲ್ಲಿ ಹಾಡು ಬಾರದವರು ಸ್ನಾನ ಮಾಡುವಂತಿರಲಿಲ್ಲ. ಸ್ನಾನ ಮಾಡುವಾಗ ಹಾಡು ಕೇಳುವುದು ಎಂಬ ಮಾತೇ ನನಗೆ ವಿಚಿತ್ರವಾಗಿ ಕಾಣುವುದು ಇದರಿಂದ. ಗದಗದ ಕಡೆಯಿಂದ ಬಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಬಸಣ್ಣನಿಗೆ ಒಂದು ಪದವೂ ಬರುತ್ತಿರಲಿಲ್ಲ. ಅವನು ಊರಿಗೆ ಹೋಗುವ ಬಸ್ಸಿನ ನಿಲ್ದಾಣಗಳನ್ನೇ ರಾಗ ಎಳೆದು ಹಾಡುತ್ತಿದ್ದ. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ ಎಂದು ಅವನ ದನಿ ಶೀಟಿನ ಮೇಲಿಂದ ಬರುತ್ತಿದ್ದರೆ, ಬಕೆಟ್ ಹಿಡಿದು ಕಾಯುತ್ತಿದ್ದವರು ಲೆಕ್ಕ ಹಾಕುತ್ತಿದ್ದರು. ರಾಣೆಬೆನ್ನೂರಿಗೆ ಬಂದರೆ ಸೋಪು ತೊಳೆದಾಯಿತು, ಹುಬ್ಬಳ್ಳಿ ದಾಟಿದರೆ ಟವೆಲು ಕೈಗೆ ಬಂತು.

ಒಳಗಿನವರು ಮುಖಕ್ಕೆ ಸೋಪು ಹಚ್ಚಿದಾಗ ಹಾಡು ನಿಲ್ಲುತ್ತದಲ್ಲ, ಅದಕ್ಕೂ ಒಂದು ಪದ್ಧತಿಯಿತ್ತು. ಅಂಗಳದಲ್ಲಿದ್ದವರು ಯಾರಾದರೂ ಮುಂದಿನ ಸಾಲನ್ನು ಎತ್ತಿ ಕೂಗಬೇಕು. ಒಳಗಿನವರು ಅದರ ಮುಂದಿನದನ್ನು ಹಾಡಬೇಕು. ಇದಕ್ಕೆ ‘ಸಾಲು ಎಸೆಯುವುದು’ ಎನ್ನುತ್ತಿದ್ದೆವು. ಬಸಣ್ಣ ದಾವಣಗೆರೆಯಲ್ಲಿ ನಿಂತುಬಿಟ್ಟರೆ ಮಕ್ಕಳೆಲ್ಲ ಸೇರಿ ‘ಹರಿಹರ’ ಎಂದು ಎಸೆಯುತ್ತಿದ್ದೆವು. “ರಾಣೆಬೆನ್ನೂರ. ಕಣ್ಣಾಗ ಸಾಬೂನ ಹೋಗೇತಿ, ಸ್ವಲ್ಪ ತಡೀರಲೇ,” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಉತ್ತರ ಬಂತೆಂದರೆ ಮನುಷ್ಯ ಕ್ಷೇಮ. ಆ ವಠಾರದಲ್ಲಿ ಬೆಳೆದವರಿಗೆ ಇದು ರಕ್ತದಲ್ಲೇ ಸೇರಿಹೋದ ನಂಬಿಕೆ.

ನಮ್ಮಪ್ಪನ ಕೆಲಸ ಏನು ಗೊತ್ತೇ? ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಾಗಿಲಿನ ಚಿಲಕ ಮಾಡುವುದು. ಚಿಲಕ ಮಾಡುವವನ ಹೆಂಡತಿ ಮಕ್ಕಳು ಚಿಲಕವಿಲ್ಲದ ಬಚ್ಚಲಿನಲ್ಲಿ ಮೀಯುತ್ತಾರೆ ಎಂದು ಅವನ ಜೊತೆಯವರು ಕಿಚಾಯಿಸುತ್ತಿದ್ದರಂತೆ. ಅಪ್ಪ ಒಂದು ಸಲ ರೋಷದಿಂದ ಗಟ್ಟಿ ಉಕ್ಕಿನ ಚಿಲಕವೊಂದನ್ನು ತಂದು ನಂಜಮ್ಮನವರ ಕೈಗಿಟ್ಟ. “ನೋಡಿ ಅಮ್ಮಾ, ಆನೆ ಎಳೆದ್ರೂ ಬರಲ್ಲ ಇದು,” ಎಂದ.

“ಅದ್ಕೇ ಬ್ಯಾಡ ಅಂದಿದ್ದು,” ಎಂದು ಅವರು ಅದನ್ನು ಹಿಂದಕ್ಕೆ ಕೊಟ್ಟರು. ಅದು ಅಪ್ಪನ ಟ್ರಂಕಿನ ತಳ ಸೇರಿತು.

ನನ್ನ ಹಾಡಿನ ವಿಷಯ ಹೇಳಲೇಬೇಕು. ನನಗೆ ರಾಗವೂ ಇಲ್ಲ, ನೆನಪೂ ಇಲ್ಲ. ಒಂದೇ ಪದವನ್ನು ದಿನಾ ಹಾಡಿದರೂ ದಿನಕ್ಕೊಂದು ಕಡೆ ತಪ್ಪುತ್ತಿದ್ದೆ. ಇವತ್ತು ಮೂರನೆಯ ಸಾಲು ಮೊದಲಿಗೆ ಬಂದರೆ, ನಾಳೆ ಮೊದಲನೆಯದೇ ಮಾಯ. ಗಿರಿಜಿ ಒಳಗಿದ್ದಾಳೆ ಎಂಬುದು ಕಣ್ಣು ಕಾಣದವರಿಗೂ ಕಿವಿ ಕೇಳದವರಿಗೂ ಗೊತ್ತಾಗುತ್ತದೆ ಎಂದು ವಠಾರದಲ್ಲಿ ಮಾತಾಗಿತ್ತು. ನನ್ನ ತಂಗಿ ಸವಿತಾ ಹಾಗಲ್ಲ. ಅವಳು ಬಚ್ಚಲಿಗೆ ಹೋದರೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸರು ಕೈ ನಿಲ್ಲಿಸುತ್ತಿದ್ದರು. ನಮ್ಮಿಬ್ಬರಿಗೂ ಕಲಿಸಿದ್ದು ಅಮ್ಮನೇ ಕಟ್ಟಿದ ಒಂದು ಪದ. ಅಮ್ಮ ಓದಿದವಳಲ್ಲ. ಮಾಗಡಿಯ ಕಡೆಯಿಂದ ಮದುವೆಯಾಗಿ ಬಂದವಳು, ಪದ ಕಟ್ಟುವುದು ಅವಳಿಗೆ ಸೊಪ್ಪು ಸೋಸಿದಷ್ಟು ಸಲೀಸು.

ಬೆನ್ನಿಗೆ ಬಿಸಿನೀರು ಉಯ್ಯೋರು ಯಾರವ್ವ?
ಬೆನ್ನಿಗೆ ಬಿದ್ದ ತಂಗಿ ನಾನಿವ್ನಿ ಅಕ್ಕಯ್ಯ.
ಕಣ್ಣಿಗೆ ಸೀಗೇಯ ಬಿದ್ದಾರೆ ಯಾರವ್ವ?
ಕಣ್ಣೊರೆಸೋ ಸೆರಗಾಗಿ ನಾನಿವ್ನಿ ಅಕ್ಕಯ್ಯ.

ನಾನು ಒಳಗೆ ಪ್ರಶ್ನೆ ಹಾಡಿ ಮುಂದಿನದು ಮರೆತು ನಿಂತರೆ, ಸವಿತಾ ಹೊರಗಿನ ಕಲ್ಲಿನ ಮೇಲೆ ಕೂತು ‘ನಾನಿವ್ನಿ ಅಕ್ಕಯ್ಯ’ ಎಂದು ಎಸೆಯುತ್ತಿದ್ದಳು. ಅವಳಿಗಾಗ ಹಲ್ಲು ಬಿದ್ದ ವಯಸ್ಸು. ಆ ದನಿ ನನಗೆ ಈಗಲೂ ಕೇಳುತ್ತದೆ, ಅದಕ್ಕೆ ಯಾವ ಡಬ್ಬಿಯೂ ಬೇಡ.

ನಮಗಿಬ್ಬರಿಗೂ ಆಗ ಒಂದೇ ಆಸೆ, ಚಿಲಕವಿರುವ ಬಚ್ಚಲು. ದೊಡ್ಡವರಾಗುತ್ತಾ ಬಂದ ಹಾಗೆ ಆಸೆಯೂ ದೊಡ್ಡದಾಯಿತು. ಹದಿಹರೆಯದ ಹುಡುಗಿಯರಿಗೆ ಊರೆಲ್ಲ ಕೇಳುವ ಹಾಗೆ ಹಾಡುತ್ತಾ ಸ್ನಾನ ಮಾಡುವುದು ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಸವಿತಾ ಮದುವೆಯಾಗಿ ವೈಟ್‌ಫೀಲ್ಡಿನ ಕಡೆ ಬಾಡಿಗೆ ಮನೆಗೆ ಹೋದಾಗ ನಾವು ಹಾಲು ಉಕ್ಕಿಸಲು ಹೋಗಿದ್ದೆವು. ಅವಳು ಎಲ್ಲಕ್ಕಿಂತ ಮೊದಲು ನನ್ನ ಕೈ ಹಿಡಿದು ಎಳೆದುಕೊಂಡು ಹೋದದ್ದು ಬಚ್ಚಲಿಗೆ. ಬಾಗಿಲು ಹಾಕಿ ಚಿಲಕ ಜಡಿದು, ಒಳಗೆ ನಾವಿಬ್ಬರೇ ನಿಂತು ಹುಚ್ಚಿಯರ ಹಾಗೆ ನಕ್ಕೆವು. ಅಪ್ಪ ಆಗಲೇ ತೀರಿಕೊಂಡಿದ್ದ. ಬಾಡಿಗೆ ಮನೆಯ ತಗಡು ಚಿಲಕವನ್ನು ತೆಗೆಸಿ, ಟ್ರಂಕಿನ ತಳದಲ್ಲಿದ್ದ ಅಪ್ಪನ ಚಿಲಕವನ್ನೇ ಅವಳು ಹಾಕಿಸಿಕೊಂಡಿದ್ದಳು.

“ಆನೆ ಎಳೆದ್ರೂ ಬರಲ್ಲ ಕಣೇ,” ಎಂದಳು ಅಪ್ಪನ ದನಿಯಲ್ಲಿ.

ಇನ್ನು ಮುಂದಿನದನ್ನು ನಾನು ಬೇಗ ಹೇಳಿ ಮುಗಿಸುತ್ತೇನೆ. ನಿಧಾನವಾಗಿ ಹೇಳುವ ಶಕ್ತಿ ನನಗಿಲ್ಲ.

ಎರಡು ವರ್ಷದ ಹಿಂದಿನ ಸಂಕ್ರಾಂತಿಯ ವಾರ. ಸವಿತಾ ಒಂದು ಅಪಾರ್ಟ್‌ಮೆಂಟಿನ ಮಕ್ಕಳ ಶಾಲೆಯಲ್ಲಿ ಟೀಚರು. ಅಲ್ಲಿನ ಹಬ್ಬದ ಕಾರ್ಯಕ್ರಮದಲ್ಲಿ ಹಾಡಲು ಅವಳನ್ನು ಕೇಳಿದ್ದರು. ಅವಳು ಅಮ್ಮನ ಪದವನ್ನೇ ಆರಿಸಿಕೊಂಡಳು. ಅಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ತಾನು ಬಚ್ಚಲಿನ ಹೊರಗೆ ಕೂತು ಕಟ್ಟಿದ ಪದ ಮೈಕಿನಲ್ಲಿ ಬರುತ್ತದೆ ಎಂದು ಬೀದಿಗೆಲ್ಲ ಹೇಳಿ, ಸೀರೆ ಮಡಿಸಿಕೊಂಡು ಮಗಳ ಮನೆಗೆ ಹೋಗಿ ಕೂತಳು. ಸವಿತಾ ತನ್ನ ದನಿಯನ್ನು ಫೋನಿನಲ್ಲಿ ಹಿಡಿದು, ಎಲ್ಲಿ ತಪ್ಪಿದೆ ಎಂದು ಮತ್ತೆ ಮತ್ತೆ ಕೇಳಿ ತಿದ್ದಿಕೊಳ್ಳುತ್ತಿದ್ದಳಂತೆ. ಅದು ಅಮ್ಮನಿಗೆ ಗೊತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಅವಳ ಗಂಡ ರವಿ ಕಂಪನಿ ಕ್ಯಾಬಿನ ಡ್ಯೂಟಿಗೆ ಹೋಗಿದ್ದ. ಅಮ್ಮ ನಡುಮನೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಸವಿತಾ ಫೋನು ಹಿಡಿದುಕೊಂಡು ಸ್ನಾನಕ್ಕೆ ಹೋದಳು. ಬಚ್ಚಲಿನ ಒಳಗೇ ಗ್ಯಾಸ್ ಗೀಸರು. ಚಳಿಯೆಂದು, ಸೊಳ್ಳೆಯೆಂದು, ಕಿಟಕಿಯನ್ನು ಪ್ಲಾಸ್ಟಿಕ್ ಹಾಳೆ ಬಡಿದು ಮುಚ್ಚಿದ್ದರು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಾಸನೆಯಿಲ್ಲದ ಒಂದು ವಿಷ ತುಂಬುತ್ತದಂತೆ. ಒಳಗಿರುವವರಿಗೆ ನಿದ್ದೆ ಬಂದ ಹಾಗಾಗುತ್ತದಂತೆ. ಇದನ್ನೆಲ್ಲ ನಾವು ಆಮೇಲೆ ಕಲಿತೆವು.

ಹಾಡು ಬರುತ್ತಿತ್ತು. ಮಗಳ ದನಿ, ತನ್ನ ಪದ. ನಾಲ್ಕು ಸಾಲು ಮುಗಿದು ಮತ್ತೆ ಮೊದಲಿನಿಂದ ಬರುತ್ತಿತ್ತು. ಒಳಗೆ ಪ್ರಾಕ್ಟೀಸ್ ನಡೆದಿದೆ ಎಂದುಕೊಂಡಳು ಅಮ್ಮ. ಒಂದು ಸಲ ಹಾಡು ಮುಗಿದು ತುಸು ಮೌನವಾದಾಗ, ವಠಾರದ ಅಭ್ಯಾಸದಂತೆ ‘ಬೆನ್ನಿಗೆ ಬಿಸಿನೀರು’ ಎಂದು ಸಾಲು ಎಸೆದಳು. ಒಳಗಿನಿಂದ ಪದ ಶುರುವಾಯಿತು. ‘ನಾನಿವ್ನಿ ಅಕ್ಕಯ್ಯ’ ಎಂದು ಮಗಳು ಹಾಡಿದಳು. ಅಮ್ಮ ಮತ್ತೆ ಕಾಯಿ ಸುಲಿಯತೊಡಗಿದಳು.

ಟ್ಯಾಂಕಿನ ನೀರೆಲ್ಲ ಖಾಲಿಯಾಗುತ್ತಿದೆ ಎಂದು ಮೇಲಿನ ಮನೆಯವರು ಇಳಿದು ಬಂದು ಬಾಗಿಲು ತಟ್ಟಿದಾಗಲೂ ಅಮ್ಮ ಹೇಳಿದ್ದು, “ಪದ ಯೋಳ್ತಾವ್ಳೆ, ಬತ್ತಾಳೆ ಇರಿ.” ಅವರಿಗೆ ಅನುಮಾನ ಬಂತು. ಬಚ್ಚಲಿನ ಬಾಗಿಲು ಬಡಿದರು, ಕೂಗಿದರು. ಹಾಡು ನಿಲ್ಲಲೂ ಇಲ್ಲ, ಉತ್ತರ ಕೊಡಲೂ ಇಲ್ಲ. ಇಬ್ಬರು ಗಂಡಸರು ಭುಜ ಕೊಟ್ಟು ತಳ್ಳಿದರೂ ಅಪ್ಪನ ಚಿಲಕ ಜಗ್ಗಲಿಲ್ಲ. ಕೊನೆಗೆ ಬಾಗಿಲೇ ಸೀಳಿತು, ಚಿಲಕ ಹಾಗೇ ಇತ್ತು. ಒಳಗೆ ಕಿಟಕಿಯ ಕಟ್ಟೆಯ ಮೇಲೆ ಫೋನು ಹಾಡುತ್ತಿತ್ತು.

ಆಸ್ಪತ್ರೆಯಲ್ಲಿ ಯಾರೋ, ಸ್ವಲ್ಪ ಮುಂಚೆ ಬಾಗಿಲು ತೆಗೆದಿದ್ದರೆ, ಎಂದರು. ಮಾತು ಪೂರ್ತಿ ಮಾಡಲಿಲ್ಲ. ಅಮ್ಮನಿಗೆ ಅಷ್ಟು ಸಾಕಾಯಿತು. ಬಂದವರಿಗೆಲ್ಲ ಅವಳು ಒಂದೇ ಮಾತು ಹೇಳಿದಳು. “ನಾನು ಸಾಲು ಎಸ್ದೆ ಕಣ್ರಪ್ಪಾ. ನಾನಿವ್ನಿ ಅಂದ್ಳು.” ಪೊಲೀಸರಿಗೂ ಅದನ್ನೇ ಹೇಳಿದಳು. ಅವರಿಗೆ ಅರ್ಥವಾಗಲಿಲ್ಲ. ನಂಜಮ್ಮನವರು ಬದುಕಿದ್ದರೆ ಅವರಿಗೆ ಆಗುತ್ತಿತ್ತು.

ಆ ಫೋನು ಈಗ ರವಿಯ ಹತ್ತಿರ ಇದೆ. ಅವನು ಅದನ್ನು ಕೇಳುತ್ತಾನೋ, ಅಳಿಸಿದ್ದಾನೋ, ನಾನು ವಿಚಾರಿಸಿಲ್ಲ. ನಾನಂತೂ ಕೇಳಿಲ್ಲ.

ಅಲ್ಲಿಂದೀಚೆಗೆ ಅಮ್ಮ ನನ್ನ ಜೊತೆಗಿದ್ದಾಳೆ. ನಾನು ಒಂಟಿ, ಮನೆಯಲ್ಲಿ ನಾವಿಬ್ಬರೇ. ಬಂದ ದಿನವೇ ಬಚ್ಚಲಿನ ಚಿಲಕ ಕೀಳಿಸಿದೆ. ಗೀಸರನ್ನೂ ತೆಗೆಸಿ ಒಲೆಯ ಮೇಲೆ ನೀರು ಕಾಯಿಸುತ್ತೇನೆ. ಟಿ.ವಿ.ಯಲ್ಲಿ ಹಾಡು ಬಂದರೆ ಅಮ್ಮ ಎದ್ದು ಹೋಗಿ ಆರಿಸುತ್ತಾಳೆ. ಪದ ಕಟ್ಟುವುದಿರಲಿ, ಒಂದು ಸಾಲು ಗುನುಗಿದ್ದನ್ನೂ ನಾನು ಕೇಳಿಲ್ಲ. ನಾನು ಸ್ನಾನಕ್ಕೆ ಹೋದರೆ ಬಾಗಿಲಿನ ಹೊರಗೆ ಮಣೆ ಹಾಕಿಕೊಂಡು ಕೂರುತ್ತಾಳೆ. ‘ಗಿರಿಜಿ’ ಎನ್ನುತ್ತಾಳೆ. ನಾನು ‘ಹ್ಞೂಂ’ ಎಂದರೆ ಸಾಲದು, ಯಂತ್ರವೂ ಹ್ಞೂಂ ಎನ್ನಬಹುದಲ್ಲ. ಆದ್ದರಿಂದ ಪ್ರಶ್ನೆ ಕೇಳುತ್ತಾಳೆ.

“ಇವತ್ತೇನು ವಾರ?”

“ಗುರುವಾರ ಕಣಮ್ಮ.”

“ಮದ್ಯಾನ ಏನುಂಡೆ?”

“ಚಿತ್ರಾನ್ನ.”

“ಅದ್ಕೆ ಉಪ್ಪು ಆಕಿದ್ನಾ ನಾನು?”

“ಜಾಸ್ತೀನೇ ಹಾಕಿದ್ದೆ.”

ನನ್ನ ಸ್ನಾನವೆಂದರೆ ದಿನಾ ಒಂದು ಮೌಖಿಕ ಪರೀಕ್ಷೆ. ಪಾಸಾಗಿ ಹೊರಗೆ ಬಂದ ಮೇಲೂ ಅವಳು ನನ್ನ ಒದ್ದೆ ತೋಳನ್ನು ಒಮ್ಮೆ ಮುಟ್ಟಿ ನೋಡುತ್ತಾಳೆ. ಬಿ.ಪಿ. ಏರದೆ ಇನ್ನೇನಾಗುತ್ತದೆ ಹೇಳಿ. ಆದರೆ ನನಗೆ ಸಿಟ್ಟಿರುವುದು ಅಮ್ಮನ ಮೇಲಲ್ಲ. ಆ ಚಿಲಕದ ಮೇಲೆ, ಆ ಕಿಟಕಿಯ ಪ್ಲಾಸ್ಟಿಕ್ಕಿನ ಮೇಲೆ, ನಾಲ್ಕು ಸಾಲನ್ನು ಚೆನ್ನಾಗಿ ಹಾಡಬೇಕೆಂದು ಹಟ ಹಿಡಿದ ನನ್ನ ತಂಗಿಯ ಮೇಲೂ.

ನಿನ್ನೆ ಶನಿವಾರ ಸಂಜೆ ದಿವ್ಯಾಳ ಡಬ್ಬಿಯನ್ನು ಗೋಡೆಗೆ ಅಂಟಿಸಿದೆ. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು, ಬರುವುದರೊಳಗೆ ಮುಗಿಸೋಣ ಎಂದುಕೊಂಡೆ. ಇದ್ದುದರಲ್ಲಿ ಕೊಳಲೇ ವಾಸಿ ಎಂದು ಆರಿಸಿ ಸಣ್ಣಗೆ ಹಾಕಿದೆ. ಸುಳ್ಳು ಹೇಳುವುದಿಲ್ಲ, ಎರಡು ಚೊಂಬು ನೀರು ಸುರಿದುಕೊಳ್ಳುವಷ್ಟರಲ್ಲಿ ಕುತ್ತಿಗೆಯ ಬಿಗಿ ಸಡಿಲಿತು. ಅಷ್ಟರಲ್ಲಿ ಬಾಗಿಲು ದಢಾರನೆ ಗೋಡೆಗೆ ಬಡಿಯಿತು. ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದಳು. ನಾನು ಒದ್ದೆ ಕೈಯಲ್ಲಿ ಅದನ್ನು ಕಿತ್ತು ಆರಿಸಿದೆ. ಅವಳು ಹೋಗಿ ಮಲಗಿದಳು. ಊಟಕ್ಕೂ ಏಳಲಿಲ್ಲ.

ಇವತ್ತು ಬೆಳಿಗ್ಗೆ ನೀರು ಕಾಯಿಸಿಕೊಂಡು ಬಚ್ಚಲಿಗೆ ಹೋದೆ. ಅಮ್ಮ ಎಂದಿನಂತೆ ಬಂದು ಮಣೆಯ ಮೇಲೆ ಕೂತ ಸದ್ದಾಯಿತು. ಗಿರಿಜಿ ಎನ್ನಲಿಲ್ಲ, ವಾರ ಕೇಳಲಿಲ್ಲ. ಹೇಗೆ ಶುರು ಮಾಡಿದೆನೋ ತಿಳಿಯದು, ಎಷ್ಟೋ ವರ್ಷದಿಂದ ಬಾಯಿಗೆ ಬಾರದಿದ್ದ ಪದ ಬಂತು. ‘ಕಣ್ಣಿಗೆ ಸೀಗೇಯ’ ಎಂದು ಎತ್ತಿಕೊಂಡೆ. ಅದು ಮೂರನೆಯ ಸಾಲು. ತಪ್ಪಿತೆಂದು ಗೊತ್ತಾಗಿ ಹಿಂದಕ್ಕೆ ಹೋಗಿ ‘ಬೆನ್ನಿಗೆ ಬಿಸಿನೀರು ಉಯ್ಯೋರು ಯಾರವ್ವ’ ಎಂದು ಹಾಡಿ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ. ಅಮ್ಮ ಸಾಲು ಎಸೆಯಲಿ ಎಂದು ಕಾದೆ.

ಎಸೆಯಲಿಲ್ಲ. ಬಾಗಿಲು ತೆರೆದುಕೊಂಡು ಒಳಗೇ ಬಂದಳು. ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ನೀರಿನ ಬಿಸಿಯನ್ನು ಬೆರಳಲ್ಲಿ ನೋಡಿ, ಬೆನ್ನಿನ ಮೇಲೆ ಹುಯ್ದಳು. ಐವತ್ತು ದಾಟಿದ ನಾನು ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತೆ. ಅವಳ ಅಂಗೈ ನನ್ನ ಬೆನ್ನ ಮೇಲೆ ಉಳಿಯಿತು.

“ಅವತ್ತು ಪದ ಎಷ್ಟು ಸಲ ಬಂದ್ರೂವೆ ಸೀಗೇಯ ಅನ್ನೋ ತಾವೇ ಕೆಮ್ಮಿದ್ಳು ಕಣೇ,” ಎಂದಳು. “ಬದ್ಕಿರೋರು ಪ್ರತಿ ಸಲ ಅದೇ ತಾವು ಕೆಮ್ತಾರಾ? ಕೇಳ್ತಾನೇ ಕುಂತಿದ್ದೆ. ನಂಗೆ ತಿಳೀಲಿಲ್ಲ.”

ನಿನ್ನ ತಪ್ಪಲ್ಲ ಎಂದು ನಾನು ಎರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಈ ಕೆಮ್ಮಿನ ವಿಷಯ ಅವಳು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅದನ್ನೊಂದನ್ನೇ ಇಟ್ಟುಕೊಂಡು ದಿನಾ ನನ್ನ ಬಾಗಿಲಿನ ಹೊರಗೆ ಕೂತಿದ್ದಾಳೆ. ನಾನು ಅತ್ತುಬಿಟ್ಟೆ. ನೀರಿನಲ್ಲಿ ಕೂತು ಅಳುವುದರಲ್ಲಿ ಒಂದು ಅನುಕೂಲವಿದೆ, ಯಾರೂ ಒರೆಸಬೇಕಾಗಿಲ್ಲ.

“ನೀನು ಒಂದೊಂದು ಸಲ ಒಂದೊಂದು ತಾವು ತಪ್ತೀಯ,” ಎಂದಳು ಅಮ್ಮ. “ಅಂಗೇ ತಪ್ಕಂಡಿರು.”

ಡಬ್ಬಿಯನ್ನು ನಾಳೆ ದಿವ್ಯಾಳಿಗೆ ಹಿಂದಕ್ಕೆ ಕೊಡುತ್ತೇನೆ. ನನಗೆ ಯಾವುದು ಸೆಟ್ ಆಯಿತು ಎಂದು ಕೇಳಿದರೆ ಏನು ಹೇಳಬೇಕೋ ಇನ್ನೂ ಯೋಚಿಸಿಲ್ಲ. ಬೆಳಿಗ್ಗೆ ಮಾತ್ರ ಅಮ್ಮನ ಮಾತು ಕೇಳಿ ಪದವನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡೆ. ಎರಡನೆಯ ಸಾಲಿನಲ್ಲಿ ತಪ್ಪಿದೆ. ಅಮ್ಮ ಇನ್ನೊಂದು ಚೊಂಬು ನೀರು ಹುಯ್ದಳು.